ಹೊಸ ಟೈರಿನ ಕಾರಿನಲ್ಲಿ ಕೊಟ್ರೇಶನು ಹೆಣ್ಣು ನೋಡಿದ್ದು

ಕಿವಿಯುಳ್ಳವರು ಹತ್ತಿರ ಬನ್ನಿರಿ. ನಗೆಯನ್ನು ತಡೆಯಲಾರದವರು ತುಸು ದೂರ ಕುಳಿತುಕೊಳ್ಳಿರಿ.

ಹರಪನಹಳ್ಳಿಯಲ್ಲಿ ಗುರುಸಿದ್ದವ್ವನೆಂಬ ತಾಯಿಯೊಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಕೊಟ್ರೇಶ; ಒಂದೇ ಆಸ್ತಿ, ಗಂಡನು ಬಿಟ್ಟುಹೋದ ಬಿಳಿಯ ಬಾಡಿಗೆ ಕಾರು. ಮಗನು ಮೈಯಲ್ಲಿ ಎತ್ತಿನಂಥವನು, ಮನಸ್ಸಿನಲ್ಲಿ ಹಸುವಿನಂಥವನು, ಬುದ್ಧಿಯಲ್ಲಿ ಮಾತ್ರ ಅವೆರಡನ್ನೂ ಕಟ್ಟುವ ಗೂಟದಂಥವನು. ಹೇಳಿದ್ದನ್ನು ಹೇಳಿದಂತೆಯೇ ಮಾಡುವನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಆಪತ್ತೆಲ್ಲವೂ ಅಲ್ಲಿಯೇ ಇದ್ದಿತು.

ಮೂರು ಮನೆಯವರು ಅವನಿಗೆ ಹೆಣ್ಣು ಕೊಡಲೊಲ್ಲೆವೆಂದಿದ್ದರು. ನಾಲ್ಕನೆಯವನು ಹಾಲಪ್ಪ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಅವನು ಗುರುಸಿದ್ದವ್ವನಿಗೆ ಹೇಳಿಕಳುಹಿಸಿದನು: “ಸೋಮವಾರ ಹುಡುಗ ತಾನೇ ಕಾರು ಹೊಡಕೊಂಡು ನಮ್ಮ ಮನಿಗೆ ಬರ್ಲಿ. ನಾನು ಬಾಗಿಲಾಗ ನಿಂತು ನೋಡ್ತೀನಿ. ಗೆರಿ ಎಳದಂಗ ಬಂದ್ರ ಮಾತುಕತಿ. ಸೊಟ್ಟ ಬಂದ್ರ ಹಂಗೇ ಹೊಳ್ಳಿ ಹೋಗ್ಲಿ!”

ಸವೆದ ಟೈರಿನಲ್ಲಿ ಬೀಗರ ಮನೆಗೆ ಹೋಗುವುದೆಂತು? ತಾಯಿಯು ಮಗನನ್ನು ಟೈರಿನಂಗಡಿಗೆ ಅಟ್ಟಿದಳು. ಅಂಗಡಿಯ ರಜಾಕ್ ಸಾಹೇಬರು ನಾಲ್ಕೂ ಹೊಸ ಟೈರು ಹಾಕಿ, “ತಮ್ಮಾ, ಹೊಸಾವು ಅದಾವ. ನೂರು ಕಿಲೋಮೀಟರು ಆಗೋತನ ಗಾಡಿ ಮ್ಯಾಲೆ ಭಾರ ಹೇರಬ್ಯಾಡ” ಎಂದರು.

“ಆಗಲ್ರಿ!” ಎಂದನು ಕೊಟ್ರೇಶ. ಒಳಗೆ ಕುಳಿತನು, ಕುಳಿತವನು ಯೋಚಿಸಿದನು: ‘ನಾನೂ ಭಾರವೇ ಅಲ್ಲವೆ?’ ಒಡನೆ ಇಳಿದನು, ಹಿಂದಕ್ಕೆ ಹೋದನು, ಕಾರನ್ನು ನೂಕತೊಡಗಿದನು. ಚಾಲಕನಿಲ್ಲದ ಕಾರು ಹತ್ತು ಮಾರು ನೆಟ್ಟಗೆ ಹೋಯಿತು. ಆಮೇಲೆ ಎಡಕ್ಕೆ ವಾಲಿತು. ವಾಲಿ ವಾಲಿ ಮಂಡಕ್ಕಿ ಭಟ್ಟಿಯ ರಾಶಿಯೊಳಗೆ ಮೂತಿ ಹುದುಗಿಸಿ ನಿಂತಿತು.

“ಅಯ್ಯೋ ನನ್ನ ಮಗನ!” ಎಂದು, ಸುದ್ದಿ ಕೇಳಿ ಓಡಿಬಂದ ತಾಯಿಯು ತಲೆಯಮೇಲೆ ಕೈಯಿಟ್ಟಳು. “ನೂಕ್ತಾರೇನಲೇ ಅದನ್ನ? ಒಳಗ ಕೂತು, ಸ್ಟೇರಿಂಗ್ ಗಟ್ಟಿ ಹಿಡೀಬೇಕು. ಎಡಕ್ಕ ಎಳದ್ರೂ ಬಿಡಬಾರದು, ಬಲಕ್ಕ ಎಳದ್ರೂ ಬಿಡಬಾರದು. ಏನಾದ್ರೂ ಕೈ ಬಿಡಬಾರದು!”

“ಹೂಂ ಯವ್ವಾ. ಇನ್ನು ಹಂಗ ಮಾಡ್ತೀನಿ.”

ಮರುದಿನ ಬಸ್ ನಿಲ್ದಾಣದ ಬಳಿ ಕಾರು ನಿಲ್ಲಿಸಿಕೊಂಡು ಕುಳಿತಿದ್ದನು. ಸಂತೆಗೆ ಬಂದಿದ್ದ ಹಾಲಪ್ಪನು ಅವನನ್ನು ಕಂಡು ಹತ್ತಿರ ಬಂದನು.

“ಶರಣ್ರೀ ಅಳಿಯಂದ್ರ!”

ಕೊಟ್ರೇಶನು ಹಲ್ಲು ಬಿಟ್ಟನು, ಕೈ ಬಿಡಲಿಲ್ಲ.

“ಬಾಳೆಹಣ್ಣು ತಗೋರಿ.”

ಕೊಟ್ರೇಶನು ಬಾಯಿ ತೆರೆದನು, ಕೈ ಬಿಡಲಿಲ್ಲ. ಹಾಲಪ್ಪನು ಅತ್ತ ನೋಡಿ ಇತ್ತ ನೋಡಿ, ಸುಲಿದು ಬಾಯಿಗಿಟ್ಟನು. ಅಲ್ಲಿಂದ ನೇರವಾಗಿ ಗುರುಸಿದ್ದವ್ವನ ಮನೆಗೆ ಬಂದು, “ತಂಗೀ, ಮುಚ್ಚಿಡಬ್ಯಾಡ. ಹುಡುಗನ ಕೈಯಾಗ ಶಕ್ತಿ ಐತೋ ಇಲ್ಲೋ?” ಎಂದು ಕೇಳಿದನು.

ಅವನನ್ನು ಹೇಗೋ ಸಮಾಧಾನಪಡಿಸಿ ಕಳುಹಿಸಿದ ಮೇಲೆ ತಾಯಿಯು ಗುಡುಗಿದಳು: “ನನ್ನ ಮಾನ ಕಳದ್ಯಲ್ಲೋ! ಹಿರಿಯರು ಕಂಡ್ರ ಎರಡೂ ಕೈ ಬಿಡಬೇಕು, ಎರಡೂ ಕೈ ಮುಗೀಬೇಕು, ತಲಿ ಬಗ್ಗಿಸ್ಬೇಕು!”

“ಹೂಂ ಯವ್ವಾ. ಇನ್ನು ಹಂಗ ಮಾಡ್ತೀನಿ.”

ಅದರ ಮರುದಿನ ಕಾರು ಓಡುತ್ತಿದ್ದಿತು. ಎದುರಿನಿಂದ ಅವನಿಗೆ ಅಕ್ಷರ ಕಲಿಸಿದ ವೃದ್ಧರಾದ ವೀರಭದ್ರಯ್ಯ ಮೇಷ್ಟ್ರು ಸೈಕಲ್ಲೇರಿ ಬರುತ್ತಿದ್ದರು. ಕೊಟ್ರೇಶನು ಎರಡೂ ಕೈ ಬಿಟ್ಟನು, ಎರಡೂ ಕೈ ಮುಗಿದನು, ತಲೆ ಬಗ್ಗಿಸಿದನು.

“ಶರಣ್ರೀ ಗುರುಗಳಾ!”

“ಶರಣು ಆಮ್ಯಾಲಿರ್ಲಿ, ಹಿಡಕೊಳಲೇ ಅದನ್ನ!” ಎಂದು ಕೂಗುತ್ತ ಮೇಷ್ಟ್ರು ಸೈಕಲ್ಲನ್ನು ಬಿಟ್ಟು ಬೇಲಿ ಹಾರಿದರು. ಎಪ್ಪತ್ತೆರಡರ ಪ್ರಾಯದಲ್ಲಿ ಅಂತಹ ಲಂಘನವನ್ನು ಊರು ಕಂಡಿರಲಿಲ್ಲ. ಕಾರು ಎಡಕ್ಕೆ ಹರಿದು ಹುಲ್ಲಿನ ಬಣವೆಯನ್ನು ಹೊಕ್ಕಿತು.

ಇನ್ನು ಉಳಿದುದು ಒಂದೇ ದಿನ. ಎರಡು ಸಲವೂ ಎಡಕ್ಕೇ ಹರಿದ ಕಾರನ್ನು ತಾಯಿಯು ಈ ಸಲ ತಾನೇ ಜೊತೆಗೆ ಕುಳಿತು ದಾವಣಗೆರೆಗೆ ಒಯ್ಯಿಸಿದಳು. ಅಲ್ಲಿನ ಅಲೈನ್‌ಮೆಂಟ್ ಅಂಗಡಿಯವನು ಬಗ್ಗಿ ನೋಡಿ ನಕ್ಕನು: “ಅವ್ವಾರ, ಟೈರಿನ ತಪ್ಪೇನಿಲ್ಲ. ಮುಂದಿನ ಜೋಡಿ ಚಕ್ರದಾಗ ಒಂದು ಅತ್ತ ನೋಡ್ತೈತಿ, ಒಂದು ಇತ್ತ ನೋಡ್ತೈತಿ. ಹಳೇ ಟೈರು ಅದಕ್ಕ ತಕ್ಕಂಗ ಸವದು ಸುಮ್ಮನಿದ್ವು. ಹೊಸಾವು ಸುಮ್ಮನಿರ್ತಾವೇನು?”

ಅವನು ತಿರುಪುಗಳನ್ನು ತಿರುವಿದನು, ಅಳೆದನು, ಮತ್ತೆ ತಿರುವಿದನು. ಕಾರು ನೂಲು ಹಿಡಿದಂತೆ ನಡೆಯಿತು. ತಾಯಿಯ ಕಣ್ಣಲ್ಲಿ ನೀರು ಬಂದಿತು.

“ಕೇಳಿದ್ಯಾ ತಮ್ಮಾ? ಜೋಡಿ ಅಂದಮ್ಯಾಲೆ ಇಬ್ಬರೂ ಒಂದೇ ಕಡಿ ನೋಡ್ಬೇಕು. ಒಬ್ಬರು ಅತ್ತ, ಒಬ್ಬರು ಇತ್ತ ನೋಡಿದ್ರ ಹಾದಿ ಸಾಗಂಗಿಲ್ಲ!”

“ಹೂಂ ಯವ್ವಾ. ಇನ್ನು ಹಂಗ ಮಾಡ್ತೀನಿ.”

ಸೋಮವಾರವಾಯಿತು. ಹಾಲಪ್ಪನು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದನು. ತಾಯಿ ಮಗನನ್ನು ಹೊತ್ತ ಕಾರು ಬಂದಿತು, ಗೆರೆ ಎಳೆದಂತೆ ಬಂದಿತು! ಹಾಲಪ್ಪನು ಮೀಸೆ ತಿರುವಿದನು.

“ಭಲೇ! ಒಂದು ಮಾತು ನೆನಪಿಟ್ಕೋ ತಮ್ಮಾ. ಹಿಂದಿನವರು ಹತ್ತಿರ ಬಂದದ್ದು ಕನ್ನಡಿಯಾಗ ಕಂಡ್ರ, ಎಡಕ್ಕ ಸರಿದು, ಕೈ ಬೀಸಿ, ಮುಂದ ಹೋಗಾಕ ದಾರಿ ಕೊಡಬೇಕು. ಅವನೇ ಡ್ರೈವರು!”

“ಹೂಂ ಮಾವಾರ. ಹಂಗ ಮಾಡ್ತೀನಿ.”

ನಡುಮನೆಯಲ್ಲಿ ಚಾಪೆ ಹಾಸಿದ್ದರು. ಹಾಲಪ್ಪನ ಮಗಳು ನಾಗವೇಣಿಯು ಅವಲಕ್ಕಿಯ ತಟ್ಟೆಯನ್ನು ತಂದಿಟ್ಟು, ರೂಢಿಯಂತೆ ವರನ ಎದುರಿಗೆ ಕುಳಿತಳು. ಕೊಟ್ರೇಶನು ನೋಡಿದನು: ಅವಳ ಮುಖ ಇತ್ತ, ತನ್ನ ಮುಖ ಅತ್ತ! ಗಾಬರಿಯಿಂದ ಎದ್ದನು. ಗರಕ್ಕನೆ ತಿರುಗಿ, ಅವಳಿಗೆ ಬೆನ್ನುಮಾಡಿ, ಗೋಡೆ ನೋಡುತ್ತ ಕುಳಿತನು.

“ಇದೇನಲೇ!” ಎಂದಳು ತಾಯಿ.

“ಈಗ ಸರಿಯಾತು ಯವ್ವಾ. ಇಬ್ಬರೂ ಒಂದೇ ಕಡಿ ನೋಡಾಕತ್ತೀವಿ.”

ಹಾಲಪ್ಪನ ಹುಬ್ಬು ಏರಿತು. ನೆಂಟರು ಗುಸುಗುಸು ಮಾಡಿದರು. ನಾಲ್ಕನೆಯ ಮನೆಯ ಬಾಗಿಲೂ ಮುಚ್ಚುತ್ತಿರುವುದು ಗುರುಸಿದ್ದವ್ವನಿಗೆ ಕಾಣುತ್ತಿದ್ದಿತು.

“ನನ್ನಪ್ಪಾ, ಹುಡುಗಿ ಮುಖ ನೋಡಿ ಒಪ್ಪಿಗಿ ಐತೋ ಇಲ್ಲೋ ಹೇಳೋ!”

ತಿರುಗುವಂತಿಲ್ಲ, ನೋಡದಿರುವಂತಿಲ್ಲ. ಕೊಟ್ರೇಶನು ಹೊರಗೆ ಓಡಿದನು, ಕಾರಿನ ಪಕ್ಕದ ಕನ್ನಡಿಯನ್ನು ಬಿಚ್ಚಿದನು, ತಂದನು, ಗೋಡೆಗೆ ಮುಖಮಾಡಿ ಕುಳಿತು ಹೆಗಲ ಮೇಲೆ ಹಿಡಿದನು. ನಾಗವೇಣಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, ಅವನು ಏನು ನೋಡುತ್ತಿರುವನೆಂದು ಇಣುಕಲು ಮೆಲ್ಲನೆ ಹತ್ತಿರ ಬಂದಳು.

ಕನ್ನಡಿಯಲ್ಲಿ ಅವಳು ದೊಡ್ಡವಳಾದಳು, ಇನ್ನೂ ದೊಡ್ಡವಳಾದಳು. ಕೊಟ್ರೇಶನು ಥಟ್ಟನೆ ಎಡಕ್ಕೆ ಸರಿದನು, ಬಲಗೈ ಚಾಚಿ ಬೀಸಿದನು: “ಹೋಗ್ರಿ, ಹೋಗ್ರಿ, ದಾರಿ ಐತಿ!”

ಹಾಲಪ್ಪನು ತೊಡೆ ತಟ್ಟಿಕೊಂಡು ನಕ್ಕನು. ಕಣ್ಣೊರೆಸಿಕೊಂಡು ಮತ್ತೆ ನಕ್ಕನು. “ಮೂವತ್ತು ವರ್ಷ ಈ ರೋಡಿನಾಗ ಓಡಾಡೀನಿ. ಹೆಣ್ಣುಮಗಳಿಗೆ ದಾರಿ ಕೊಟ್ಟ ಗಂಡಸನ್ನ ಇವತ್ತೇ ನೋಡಿದ್ದು. ಏನವ್ವಾ, ನಿನ್ನ ಮಾತೇನು?”

“ದಾರಿ ಕೊಟ್ಟಮ್ಯಾಲೆ ಹೋಗದಿದ್ರ ಹೆಂಗಪ್ಪಾ?” ಎಂದಳು ನಾಗವೇಣಿ.

“ಹಂಗಾದ್ರ ತಾಂಬೂಲ ತರ್ರಿ!”

ಗುರುಸಿದ್ದವ್ವ ಕೈಮುಗಿದು ಅತ್ತೇಬಿಟ್ಟಳು. ನಾಗವೇಣಿಯು ಕೊಟ್ರೇಶನ ಬಲಗಡೆಯಿಂದ ಮುಂದಕ್ಕೆ ಹೋದಳು. ಹೋಗಿ, ಗೋಡೆಗೆ ಬೆನ್ನುಕೊಟ್ಟು, ತಿರುಗಿ, ಅವನಿಗೆ ಎದುರಾಗಿ ಕುಳಿತಳು.

ಆಗ ಕೊಟ್ರೇಶನು ಅವಳ ಮುಖವನ್ನು ನೆಟ್ಟಗೆ ನೋಡಿದನು. ನೋಡಿ, ಚಾಪೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಮನೆ ನಡುಗುವಂತೆ ಕೂಗಿದನು:

“ಪೋಂ! ಪೋಂ! ಎದುರಿಗೆ ಬರಾಕತ್ತೀರಲ್ರೀ!”