ಉಣುಗು ಎಲೆಯ ತುದಿಯಲ್ಲಿ ಕೈ ಚಾಚಿ ನಿಂತದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಯಾವ ಕಡೆ ಹರಿಯಲಿ ಎಂದು ಹೊಳೆ ಇನ್ನೂ ದಾರಿಹೋಕರನ್ನು ಕೇಳುತ್ತಿತ್ತು.

ಕಾಡಿನಲ್ಲಿ ಆಗ ಒಂದೇ ಒಂದು ಕಟ್ಟಳೆ. ದಾರಿಯಲ್ಲಿ ಯಾರಾದರೂ ಕೈ ಚಾಚಿದರೆ ಎತ್ತಿಕೊಳ್ಳಬೇಕು. ಎಲ್ಲಿಗೆ ಎಂದು ಕೇಳಬಹುದು. ಏನು ತಂದಿದ್ದೀಯ ಎಂದು ಕೇಳಬಾರದು. ಜಿಂಕೆ ಆಮೆಯನ್ನು ಹೊತ್ತಿತು. ಆನೆ ಇರುವೆಯನ್ನು ಹೊತ್ತಿತು. ಎಲ್ಲ ಒಳ್ಳೆಯ ಕಟ್ಟಳೆಗಳ ಹಾಗೆ ಇದೂ ಕೆಟ್ಟವರ ಕಣ್ಣಿಗೆ ಬೀಳುವ ತನಕ ಚೆನ್ನಾಗಿಯೇ ನಡೆಯಿತು.

ಒಂದು ಮರದ ಪೊಟರೆಯಲ್ಲಿ ಜ್ವರ ಕೂತಿತ್ತು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಚಾಚಲು ಕೈಯೂ ಇಲ್ಲ. ಊರು ನೋಡುವ ಆಸೆ ಮಾತ್ರ ಬೆಟ್ಟದಷ್ಟು.

ಅಲ್ಲೇ ಹಸಿದ ಉಣುಗು ತೆವಳುತ್ತಿತ್ತು. ದನದ ಕಿವಿಗೆ ಕಚ್ಚಿಕೊಳ್ಳುತ್ತದಲ್ಲ, ಅದೇ ಉಣುಗು.

"ನನ್ನನ್ನು ಹೊಟ್ಟೆಯಲ್ಲಿಟ್ಟುಕೊ. ನೀನು ಕೈ ಚಾಚು," ಎಂದಿತು ಜ್ವರ. "ಎತ್ತಿಕೊಂಡವರ ರಕ್ತ ನಿನಗೆ. ಉಳಿದದ್ದು ನನಗೆ."

"ನನಗೇನೂ ಆಗಲ್ಲ ತಾನೆ?"

"ನಿನಗೇನೂ ಆಗಲ್ಲ."

ಉಣುಗಿಗೆ ಅಷ್ಟು ಸಾಕಿತ್ತು.

ಮೊದಲು ಎತ್ತಿಕೊಂಡದ್ದು ಕಪ್ಪು ಮುಖದ ಮಂಗ, ಮರಿ ಮುಸುವ. ಎರಡು ದಿನ ಕೊಂಬೆಯ ಮೇಲೆ ನಡುಗಿತು. ಆಮೇಲೆ ಹಣ್ಣೆಲೆಯ ಹಾಗೆ ಬಿತ್ತು.

ತಾಯಿ ಮುಸುವ ಕಾಡಿನಂಚಿಗೆ ಓಡಿ ಬಂದಿತು. ಅಲ್ಲಿ ದುಗ್ಗಿ ಎಂಬವಳು ಮಗಳು ಕೆಂಪಿಯ ಜೊತೆ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುತ್ತಿದ್ದಳು.

"ದುಗ್ಗೀ, ಒಳಗೆ ಬರಬೇಡ! ನನ್ನ ಮಗ ಮರದಿಂದ ಬಿದ್ದು ಸತ್ತ!"

"ಮಂಗ ಅಂದಮೇಲೆ ಒಂದಲ್ಲ ಒಂದಿನ ಬೀಳುತ್ತೆ ಕಣೇ," ಎಂದಳು ದುಗ್ಗಿ. "ಬಿಗಿಯಾಗಿ ಹಿಡ್ಕೊಳ್ಳೋದು ಕಲಿಸಬೇಕಿತ್ತು."

ಗಾಳಿಯೂ ಹೇಳಿತು: "ನಾನು ಆ ಹೆಣದ ಮೇಲೆಯೇ ಬೀಸಿ ಬಂದೆ. ವಾಪಸು ಹೋಗು, ತಾಯಿ."

"ಗಾಳಿಮಾತು ಕೇಳಿ ಕೂತರೆ ನನ್ನ ದನ ಕೆಸರಲ್ಲಿ ಮಲಗಬೇಕಾ?" ಎಂದು ಬುಟ್ಟಿ ಎತ್ತಿ ಒಳಗೆ ನಡೆದಳು.

ಒಂದು ಎಲೆಯ ತುದಿಯಲ್ಲಿ ಉಣುಗು ನಿಂತಿತ್ತು. ಎರಡೂ ಕೈ ಚಾಚಿತ್ತು.

"ಅವ್ವಾ, ಪಾಪ! ಎತ್ಕೊಳ್ಳಲಾ?"

"ಅದನ್ನೂ ಕೇಳ್ತೀಯಾ? ಕೈ ಚಾಚಿದವರನ್ನ ಬಿಟ್ಟು ಬರ್ತಾರೇನೇ?"

ಕೆಂಪಿ ಎತ್ತಿಕೊಂಡಳು. ಹೆಗಲ ಮೇಲೆ ಕೂರಿಸಿ, ಹಾಡು ಹೇಳುತ್ತಾ ಮನೆಗೆ ತಂದಳು.

ಕೆಂಪಿಯ ಮೈ ಒಲೆಯಂತೆ ಸುಟ್ಟಿತು. ದುಗ್ಗಿ ಹೊಳೆಗೆ ಓಡಿದಳು. "ನನ್ನ ಮಗಳನ್ನು ಉಳಿಸು!"

"ಹಣೆ ತಂಪು ಮಾಡಬಲ್ಲೆ," ಎಂದು ಹೊಳೆ ಅತ್ತಿತು. "ಒಳಗಿನ ಬೆಂಕಿಯ ತನಕ ನನ್ನ ಕೈ ಎಟುಕದು."

ಕೆಂಪಿ ಸತ್ತಳು.

ಕೊನೆಯ ಸಲ ತಲೆ ಬಾಚುವಾಗ ಅವಳ ಕಿವಿಯ ಹಿಂದೆ ದುಗ್ಗಿಗೆ ಉಣುಗು ಸಿಕ್ಕಿತು. ಕುಡಿದು ಕುಡಿದು ಹುಣಸೆಬೀಜದಷ್ಟಾಗಿತ್ತು.

"ಏನು ತಂದೆಯೋ ನನ್ನ ಮನೆಗೆ?"

"ನೀವು ಯಾರೂ ಕೇಳಲೇ ಇಲ್ಲವಲ್ಲ," ಎಂದಿತು ಉಣುಗು.

ದುಗ್ಗಿ ಅದನ್ನು ಕಾಡಿನಂಚಿಗೆ ಎಸೆದಳು. "ಇನ್ನು ಕೈ ಚಾಚಿಕೊಂಡೇ ಇರು. ಕಂಡವರು ಯಾರೂ ನಿನ್ನನ್ನು ಎತ್ತದಿರಲಿ!"

"ಕಾಣದವರು ಸಾಕು," ಎಂದಿತು ಉಣುಗು.

ಆಮೇಲೆ ಅವಳು ತಾಯಿ ಮುಸುವದ ಪಕ್ಕ ಹೋಗಿ ಕೂತಳು. ಅಂದಿನಿಂದ ಕಾಡಿನಲ್ಲಿ ಯಾರೂ ಯಾರನ್ನೂ ಹೊರಲಿಲ್ಲ. ಆಮೆ ಇವತ್ತಿಗೂ ನಡೆದೇ ಹೋಗುತ್ತದೆ.

ಅದಕ್ಕೇ ಮಗು, ಇಂದಿಗೂ ಉಣುಗು ಎಲೆಯ ತುದಿಯಲ್ಲಿ ಎರಡು ಕೈ ಚಾಚಿ ಕಾಯುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಹಿರಿಯರು ತರಗೆಲೆಯ ಬುಟ್ಟಿಯನ್ನು ಬೋರಲು ಹಾಕಿ, ನಿನ್ನನ್ನು ಮನೆಯೊಳಗೆ ಕರೆದು, ಮೊದಲು ಕಿವಿಯ ಹಿಂದೆ ನೋಡುತ್ತಾರೆ.