ಕುಂಬಾರನ ಸಿಟ್ಟು

"ಸಿಟ್ಟು ಮೈಮೇಲೆ ಬಂದಾಗ ಮನುಷ್ಯ ತನ್ನ ವಶದಲ್ಲಿರುವುದಿಲ್ಲ. ಆಗ ಮಾಡಿದ್ದು ಅವನ ತಪ್ಪು ಹೇಗಾಗುತ್ತದೆ, ಗುರುಗಳೇ?"

ಕೇಳಿದವನು ಶಿಷ್ಯ ಸಂಗಯ್ಯ. ಶಾಸ್ತ್ರದ ಪ್ರಶ್ನೆಯೆಂಬಂತೆ ಕೇಳಿದ್ದ, ಆದರೆ ಅದು ಮನೆಯ ಪ್ರಶ್ನೆ. ಅವನ ಏಟು ತಾಳಲಾರದೆ ಹೆಂಡತಿ ತವರಿಗೆ ಹೋಗಿ ಹನ್ನೆರಡು ದಿನವಾಗಿತ್ತು. ಗುರುಗಳ ಬಾಯಿಂದ "ತಪ್ಪಲ್ಲ" ಎಂಬ ಒಂದು ಮಾತು ಸಿಕ್ಕರೆ ಅದನ್ನು ಮಾವನ ಮನೆಗೆ ಒಯ್ದು ಅವಳನ್ನು ಕರೆತರಬಹುದೆಂದು ಅವನ ಆಸೆ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಹೆಂಡತಿಯನ್ನು ಹೊಡೆಯುವ ಗಂಡಸರು ಏಳೆಂಟು ಮಂದಿ ಇದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಊರು ಸುಮ್ಮನಿತ್ತು. ಒಬ್ಬಳು ಉಣ್ಣಲಾರದೆ ಮಲಗಿದವಳು ಬೆಳಗಾದರೂ ಏಳಲಿಲ್ಲ. ಅವಳ ಗಂಡನನ್ನು ಅರಸನ ಆಳುಗಳು ಎಳೆದೊಯ್ದರು. ಆಗ ಊರಿಗೆ ನಾಚಿಕೆಯಾಯಿತು. ಎತ್ತಿಗೆ ನೊಗ ಹೂಡದ ಪ್ರತಿ ಸೋಮವಾರದಂದು ಹೊಡೆಯುವ ಉಳಿದ ಗಂಡಸರೆಲ್ಲ ಚಾವಡಿಯಲ್ಲಿ ಕೂಡಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕೆಂದು ಹಿರಿಯರು ಕಟ್ಟಳೆ ಮಾಡಿದರು.

ಅದನ್ನು ನಡೆಸುವವಳು ಊರ ಸೂಲಗಿತ್ತಿ. ಸೀರೆ ಮರೆಮಾಡಿದ ಬಾಸುಂಡೆಗಳನ್ನೆಲ್ಲ ಕಂಡವಳು. ಹೆಂಡತಿ ಏನು ಮಾಡಿದಳೆಂದು ಯಾರೂ ಹೇಳಕೂಡದು, ತಾನೇನು ಮಾಡಿದೆ ಎಂದಷ್ಟೇ ಹೇಳಬೇಕು ಎಂದಳು. ಅಲ್ಲಿಯ ತನಕ ಮಾತಿನ ಮಲ್ಲರಾಗಿದ್ದವರಿಗೆ ಮೂರು ಸೋಮವಾರ ಮಾತೇ ಹೊರಡಲಿಲ್ಲ.

ನಾಲ್ಕನೆಯ ವಾರ ಒಬ್ಬ ಕುಂಬಾರ ಎದ್ದ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಇವನ ಕೋಪ ಮಾತ್ರ ಹೆಂಡತಿಯ ದವಡೆಗೆ ಮೂಲವಾಗಿತ್ತು. ಅವಳು ಅಣ್ಣನ ಮನೆ ಸೇರಿದ್ದಳು.

"ಸಿಟ್ಟು ಬಂದ್ರೆ ನಂಗೆ ಕಣ್ಣೇ ಕಾಣಕಿಲ್ಲ ಕಣವ್ವ. ಕೈ ನನ್ ಮಾತು ಕೇಳಕಿಲ್ಲ" ಎಂದ. ಸುಳ್ಳು ಹೇಳುತ್ತಿರಲಿಲ್ಲ, ಪಾಪ, ಹಾಗೆಂದೇ ನಂಬಿದ್ದ. ಉಳಿದವರು ಹೌದೌದೆಂದು ತಲೆದೂಗಿದರು.

ಅವನ ನೆರೆಮನೆಯ ಕಮ್ಮಾರ ಮಾತ್ರ ತಲೆದೂಗಲಿಲ್ಲ. "ಜಗಳ ಶುರುವಾಗಿದ್ದು ಅಂಗಳದಾಗೆ. ಅಲ್ಲಿ ನೀನು ಹಸಿ ಮಡಕೆ ಒಣಗಾಕಿದ್ದೆ, ಕಾಲಿಡಾಕೂ ಜಾಗ ಇರ್ಲಿಲ್ಲ. ಎಷ್ಟು ಒಡೆದ್ವು?"

"ಒಂದೂ ಇಲ್ಲ" ಎಂದ ಕುಂಬಾರ. ಕಸುಬಿನ ಮಾತು ಬಂದದ್ದಕ್ಕೆ ತುಸು ಹೆಮ್ಮೆಯಿಂದಲೇ ಮುಂದುವರಿಸಿದ: "ಒಡೆದೋಯ್ತವೆ ಅಂತ ಅವಳ್ನ ಹಿತ್ಲಿಗೆ ಎಳ್ಕೊಂಡು ಹೋದೆ."

ಹೇಳಿದ ಮೇಲೆ ಅವನಿಗೆ ತನ್ನ ಮಾತು ತಾನೇ ಕೇಳಿಸಿತು. ಉಗುರು ತಾಗಿದರೂ ಕೆಡುವ ನಲವತ್ತು ಹಸಿ ಮಡಕೆಗಳ ನಡುವೆ, ಒಂದಕ್ಕೂ ಅವಳ ಸೆರಗು ಸೋಕದ ಹಾಗೆ ಎಳೆದುಕೊಂಡು ಹೋಗಿದ್ದ. ಆಮೇಲೆ ಹೊಡೆದಿದ್ದ. ಕಣ್ಣು ಚೆನ್ನಾಗಿಯೇ ಕಂಡಿತ್ತು. ಚಾವಡಿಯಲ್ಲಿ ತಲೆದೂಗಿದವರೆಲ್ಲ ನೆಲ ನೋಡುತ್ತಿದ್ದರು. ಕಮ್ಮಾರನೂ ನೆಲ ನೋಡುತ್ತಿದ್ದ. ಹೆಂಡತಿಯ ಮೇಲೆ ಕೈ ಎತ್ತುವ ಮುನ್ನ ಅವನು ಸುತ್ತಿಗೆಯನ್ನು ಮರೆಯದೆ ಕೆಳಗಿಡುತ್ತಿದ್ದ.

"ಇವತ್ತು ನೀನು ನಿಜ ಹೇಳ್ದೆ. ಬರೋ ವಾರ ಇಲ್ಲಿಂದ ಶುರು ಮಾಡು" ಎಂದಳು ಸೂಲಗಿತ್ತಿ.

ಗುರುಗಳು ಕತೆ ನಿಲ್ಲಿಸಿದರು. ಹೊಡೆಯುವ ಮುನ್ನ ತಾನು ಎದ್ದು ಹೋಗಿ ಬೀದಿ ಬಾಗಿಲಿನ ಅಗುಳಿ ಹಾಕಿ ಬಂದದ್ದು ಸಂಗಯ್ಯನಿಗೆ ನೆನಪಾಯಿತು. ನಾಚಿಕೆಯಾಯಿತು. ಆದರೂ ಆಸೆ ಬಿಡಲಿಲ್ಲ.

"ಆಮೇಲೆ ಕುಂಬಾರನ ಹೆಂಡತಿ ಮನೆಗೆ ಬಂದಳೇ, ಗುರುಗಳೇ?"

"ಬಂದಳೇ ಎಂದು ಕೇಳಿದೆ, ಸಂಗಯ್ಯ, ಹೇಗಿದ್ದಾಳೆ ಎಂದು ಕೇಳಲಿಲ್ಲ."