ದರ್ಭೆಯ ಕಾಗೆ

ತೀರಿಹೋದ ವೆಂಕಪ್ಪಯ್ಯನವರಿಗೆ ಹೊಳೆದಂಡೆಯಲ್ಲಿ ಪಿಂಡವಿಟ್ಟು ಮಗ ಕೈಮುಗಿದು ನಿಂತಿದ್ದ. ಮರದ ಮೇಲೆ ಮುದಿಕಾಗೆ ಕರಿಯವ್ವನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಅವಳು ರೆಕ್ಕೆ ಬಿಚ್ಚಲಿಲ್ಲ.

“ಆ ಪಿಂಡದ್ದು ಕುಲಾಂತರಿ ಅಕ್ಕಿಯಂತೆ. ತಿಂದವರ ಕುಲವೇ ಬದಲಾಗುತ್ತದಂತೆ,” ಎಂದಳು.

“ತಿಂದು ಕೋಗಿಲೆಯಾದ ಕಾಗೆಯನ್ನು ಕಂಡಿದ್ದೀಯಾ?” ಎಂದು ಪಕ್ಕದ ಕೊಂಬೆಯಿಂದ ಯಾರೋ ಕೇಳಿದರು. ತಿರುಗಿದರೆ, ಸತ್ತ ವೆಂಕಪ್ಪಯ್ಯನವರೇ ಕೂತಿದ್ದರು.

“ಕಂಡಿಲ್ಲ ಸ್ವಾಮಿ, ಕೇಳಿದ್ದೇನೆ.”

“ಕಾಗೆ ಮುಟ್ಟಿದರೆ ಮಾತ್ರ ಆ ಅನ್ನ ನನಗೆ ಸೇರುವುದು. ಹಸಿವಾಗಿದೆ, ತಾಯಿ.”

“ಮೊದಲು ಬೇರೆ ಕಾಗೆ ಮುಟ್ಟಲಿ, ನೋಡೋಣ.”

ಎಲ್ಲ ಕಾಗೆಗಳೂ ಅದನ್ನೇ ಅಂದವು.

ಹೊತ್ತು ನೆತ್ತಿ ದಾಟಿತು. ಕಾದು ಬೇಸತ್ತ ಪುರೋಹಿತರು ದರ್ಭೆಹುಲ್ಲಿನಲ್ಲೇ ಒಂದು ಕಾಗೆ ಮಾಡಿ, ಅದರ ಕೊಕ್ಕನ್ನು ಪಿಂಡಕ್ಕೆ ಮುಟ್ಟಿಸಿ, “ಆಯಿತು, ಹೊರಡಿ,” ಎಂದರು.

ಪಕ್ಕದ ಕೊಂಬೆಯಲ್ಲಿ ತೃಪ್ತಿಯ ತೇಗು ಕೇಳಿಸಿತು. ಕರಿಯವ್ವ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ.

ಜನ ಹೊರಟ ಮೇಲೆ ಹುಲ್ಲಿನ ಕಾಗೆ ಅನ್ನವನ್ನೆಲ್ಲ ನುಂಗಿ, ಕತ್ತೆತ್ತಿ ಕೂಗಿತು. ಅದು ಅಪ್ಪಟ ಕಾಗೆಯ ದನಿ. ಮರುಕೂಗು ಕೊಡಲು ಕರಿಯವ್ವ ಕೊಕ್ಕು ತೆರೆದಳು. ಅದರೊಳಗಿಂದ ಗಾಳಿಗೆ ಒಣಹುಲ್ಲು ಸರಿದಾಡಿದ ಸದ್ದಷ್ಟೇ ಹೊರಟಿತು.